ಸುಮ್ನೆ ಒಂದ್ಸಲ ನೋಡ್ಬಿಟ್ಟು ಹೋಗಿ

ದಾವಣಗೆರೆಯಲ್ಲಿ ಮನೆ ಕಟ್ಟುವವರಿಗೆ ನಾನು ಸ್ಟ್ರಕ್ಚರಲ್ ಡ್ರಾಯಿಂಗ್ ಮಾಡಿಕೊಡುತ್ತೇನೆ. ಪಾಯ ಎಷ್ಟು ಆಳ, ಪಿಲ್ಲರ್ ಎಷ್ಟು ದಪ್ಪ, ಬೀಮಿಗೆ ಎಷ್ಟು ಕಂಬಿ ಅನ್ನುವ ಲೆಕ್ಕ ನನ್ನದು. ಮನೆ ಬೀಳದೆ ನಿಂತರೆ ಯಾರಿಗೂ ನನ್ನ ನೆನಪಿರುವುದಿಲ್ಲ. ಗೃಹಪ್ರವೇಶಕ್ಕೆ ಬಂದವರು ಟೈಲ್ಸ್ ನೋಡುತ್ತಾರೆ, ಪಿಒಪಿ ಸೀಲಿಂಗ್ ನೋಡುತ್ತಾರೆ, ತೇಗದ ಬಾಗಿಲಿನ ಕೆತ್ತನೆ ಮುಟ್ಟಿ ನೋಡುತ್ತಾರೆ. ಪಿಲ್ಲರ್ ಒಳಗಿನ ಕಂಬಿಯನ್ನು ಯಾರಾದರೂ ಹೊಗಳಿದ್ದು ನಾನು ಕಂಡಿಲ್ಲ. ಆ ಕಂಬಿ ಕಣ್ಣಿಗೆ ಕಾಣಿಸಿದ ದಿನ ಹೊಗಳುವ ಪರಿಸ್ಥಿತಿಯೂ ಇರುವುದಿಲ್ಲ ಬಿಡಿ.

ಹೀಗೆ ಕಾಣದ ಕೆಲಸ ಮಾಡುವವನು ದುಡ್ಡು ಕೇಳಿದರೆ ಜನಕ್ಕೆ ಸ್ವಲ್ಪ ಆಶ್ಚರ್ಯ. ಬೇಜಾರಲ್ಲ, ಆಶ್ಚರ್ಯ. "ಹೇಳೋದಕ್ಕೂ ದುಡ್ಡಾ?" ಅನ್ನುತ್ತಾರೆ. ಡ್ರಾಯಿಂಗ್ ಪ್ರಿಂಟ್ ತೆಗೆಸಿ ಕೊಟ್ಟರೆ ಹಾಳೆಗಳನ್ನು ಎಣಿಸುತ್ತಾರೆ. "ನಾಲ್ಕೇ ಶೀಟು ಇದೆಯಲ್ಲ ಸರ್" ಅಂತ ಒಬ್ಬರು ಅಂದಾಗ, ಇನ್ನೆರಡು ಖಾಲಿ ಶೀಟು ಸೇರಿಸಿ ಕೊಡಬೇಕಿತ್ತು ಅನ್ನಿಸಿತ್ತು.

ನನ್ನ ಹೆಂಡತಿ ಮನೆಯಲ್ಲೇ ಸೀರೆಗೆ ಫಾಲ್ಸ್ ಹಚ್ಚುತ್ತಾಳೆ, ಜಿಗ್‌ಜ್ಯಾಗ್ ಮಾಡುತ್ತಾಳೆ, ಬ್ಲೌಸ್ ಹೊಲಿಯುತ್ತಾಳೆ. ಅವಳ ಹತ್ತಿರ ಯಾರೂ "ಸುಮ್ನೆ ಒಂದು ಬ್ಲೌಸ್ ಹೊಲಿದುಬಿಡಿ" ಅನ್ನುವುದಿಲ್ಲ. ಸ್ವಂತ ನಾದಿನಿ, ಅಂದರೆ ನನ್ನ ತಂಗಿಯೇ, ಕೈಯಲ್ಲಿ ದುಡ್ಡು ಹಿಡಿದುಕೊಂಡೇ ಬರುತ್ತಾಳೆ. ಬಂದವಳು ನನ್ನ ಕಡೆ ತಿರುಗಿ, "ಅಣ್ಣಾ, ನಮ್ಮ ಮಹಡಿ ಮೇಲೆ ಇನ್ನೊಂದು ರೂಮು ತಡೆಯುತ್ತಾ? ಇಲ್ಲೇ ಕೂತು ಹೇಳಿಬಿಡು" ಅನ್ನುತ್ತಾಳೆ. ಹೆಂಡತಿಯನ್ನು ಗುಟ್ಟೇನು ಅಂತ ಕೇಳಿದೆ. "ರೀ, ನನ್ನ ದಾರ ಕಾಣುತ್ತೆ. ನಿಮ್ಮ ಲೆಕ್ಕ ಕಾಣಲ್ಲ" ಅಂದಳು. ಮೆಷಿನ್ನಿನಿಂದ ತಲೆ ಎತ್ತಲಿಲ್ಲ.

ಮದುವೆ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಲೇ ಎಲೆಯ ಮೇಲೆ ಮನೆಯ ಪ್ಲಾನ್ ಶುರು ಮಾಡುತ್ತಾರೆ. ಕೋಸಂಬರಿ ಇರುವಲ್ಲಿ ಅಡುಗೆಮನೆ, ಉಪ್ಪಿನಕಾಯಿ ಇರುವಲ್ಲಿ ಬಚ್ಚಲು, ಅನ್ನದ ಕಟ್ಟೆ ಅಂದರೆ ಹಾಲ್ ಮತ್ತು ಡೈನಿಂಗ್ ಮಧ್ಯದ ಗೋಡೆ. "ಈ ಗೋಡೆ ತೆಗೆದ್ರೆ ಏನಾಗುತ್ತೆ ಸರ್?" ಅಂತ ಬೆರಳಿನಿಂದ ಕಟ್ಟೆ ಒಡೆಯುತ್ತಾರೆ. ಸಾರು ಹರಿದು ಹೋಳಿಗೆಗೆ ನುಗ್ಗುತ್ತದೆ. ಏನಾಗುತ್ತದೆ ಅನ್ನುವುದು ಕಣ್ಣೆದುರೇ ಇದ್ದರೂ ನಾನು ಬಾಯಿ ಬಿಟ್ಟು ಹೇಳಬೇಕು. ತಿಥಿ ಮನೆಯಲ್ಲೂ ಬಿಡುವುದಿಲ್ಲ. ಒಮ್ಮೆ ಫೋಟೋಕ್ಕೆ ಹೂ ಹಾಕಿ ಕೈ ಮುಗಿದು ತಿರುಗಿದರೆ, ಹೋದವರ ದೊಡ್ಡ ಮಗ ಕಣ್ಣೊರೆಸಿಕೊಳ್ಳುತ್ತಲೇ, "ಅಪ್ಪಾಜಿ ಕಟ್ಟಿಸಿದ ಮನೆ. ಮಧ್ಯೆ ಗೋಡೆ ಎಬ್ಬಿಸಿ ಎರಡು ಮಾಡಬಹುದಾ?" ಅಂತ ಕೇಳಿದರು. ಚಿಕ್ಕ ಮಗ ಆ ಕಡೆಯಿಂದ ಕಿವಿ ಕೊಟ್ಟು ನಿಂತಿದ್ದ. ಆ ಪ್ರಶ್ನೆಗೆ ಉತ್ತರ ಕೊಡುವುದು ಇಂಜಿನಿಯರಿಂಗ್‌ಗೆ ಸೇರಿದ್ದಲ್ಲ.

ವಾಟ್ಸಾಪ್ ಬಂದ ಮೇಲೆ ಬಿರುಕುಗಳು ನನ್ನ ಮೊಬೈಲಿಗೇ ಬರಲು ಶುರುವಾದವು. ಬೆಳಿಗ್ಗೆ ಗುಡ್ ಮಾರ್ನಿಂಗ್ ಹೂವಿನ ಹಿಂದೆಯೇ ಒಂದು ಗೋಡೆ. ಝೂಮ್ ಮಾಡಿ ತೆಗೆದಿರುತ್ತಾರೆ. ಕೂದಲೆಳೆಯಷ್ಟು ಸಣ್ಣದಾ, ಕೈ ತೂರುವಷ್ಟು ದೊಡ್ಡದಾ ಅಂತ ಗೊತ್ತೇ ಆಗುವುದಿಲ್ಲ. ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೋ ಕಳಿಸಿ ಅಂದರೆ, ನಾಣ್ಯ ಚೆನ್ನಾಗಿ ಬಂದು ಬಿರುಕು ಮಸುಕಾಗಿರುತ್ತದೆ. 2019ರಲ್ಲಿ ಟಂಕಿಸಿದ ಹತ್ತು ರೂಪಾಯಿ ಅಂತ ಸ್ಪಷ್ಟವಾಗಿ ಓದಬಹುದು.

ಬಿರುಕಿನಲ್ಲೂ ಜಾತಿ ಇದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟಿದ್ದರೆ ಪಾಯ ಕೂತಿರಬಹುದು, ಅಥವಾ ಲಿಂಟಲ್, ಅಂದರೆ ಕಿಟಕಿ ಮೇಲಿನ ಅಡ್ಡ ಬೀಮು, ಸರಿ ಇಲ್ಲದಿರಬಹುದು. ಪಿಲ್ಲರ್ ಮತ್ತು ಇಟ್ಟಿಗೆ ಗೋಡೆ ಸೇರುವಲ್ಲಿ ನೆಟ್ಟಗೆ ಇದ್ದರೆ ಹೆಚ್ಚಾಗಿ ಗಾಬರಿ ಬೇಡ. ಕಾಂಕ್ರೀಟ್ ಒಂದು ಥರ ಹಿಗ್ಗುತ್ತದೆ, ಇಟ್ಟಿಗೆ ಇನ್ನೊಂದು ಥರ. ಗಾರೆಗೆ ಮೊದಲೇ ಅಲ್ಲಿ ಜಾಲರಿ ಬಡಿದಿದ್ದರೆ ಅದು ಬರುತ್ತಲೇ ಇರಲಿಲ್ಲ. ಬಿರುಕು ಬೆಳೆಯುತ್ತಿದೆಯೋ ನಿಂತಿದೆಯೋ ತಿಳಿಯಬೇಕಾದರೆ ಅದರ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಬರೆದು ಕಾಯಬೇಕು. ಇದಕ್ಕಿಂತ ಅಗ್ಗದ ವೈದ್ಯ ಇಲ್ಲ. ಆದರೆ ಪುಕ್ಕಟೆ ಹೇಳಿದ್ದರಿಂದ ಇದನ್ನು ಯಾರೂ ಮಾಡುವುದಿಲ್ಲ. ಮಾಡಿದವರ ಮನೆಯಲ್ಲೂ ಮುಂದಿನ ವಾರವೇ ಹಬ್ಬ ಬಂದು ಪೇಂಟ್ ಹೊಡೆದಿರುತ್ತಾರೆ.

ನಮ್ಮ ಕಡೆ ಇನ್ನೊಂದು ಫಜೀತಿ ಇದೆ: ಎರೆಮಣ್ಣು. ಈ ಮಣ್ಣು ಬೇಸಿಗೆಯಲ್ಲಿ ಒಣಗಿ ಕುಗ್ಗಿ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ. ಪಾಯ ಸಾಕಷ್ಟು ಆಳಕ್ಕೆ ಹೋಗದಿದ್ದರೆ ಮೇಲಿರುವ ಮನೆಯೂ ಅದರ ಜೊತೆ ಏರಿ ಇಳಿಯುತ್ತದೆ. ಪರಿಚಯದ ಮೇಷ್ಟ್ರೊಬ್ಬರು ಏಪ್ರಿಲ್ ತಿಂಗಳಲ್ಲಿ ಬಿರುಕು ತೋರಿಸಿದರು. ಮನೆ ಸುತ್ತ ಮಣ್ಣಿಗೆ ನೀರು ಇಳಿಯದ ಹಾಗೆ ಕಾಂಕ್ರೀಟ್ ಹಾಕಿಸಿ, ಗೋಡೆಗೆ ಒತ್ತಿಕೊಂಡಿರುವ ಹೂಗಿಡಗಳಿಗೆ ದಿನಾ ನೀರು ಬಿಡುವುದು ನಿಲ್ಲಿಸಿ ಅಂದೆ. ಅವರು ಹೂಂ ಅಂದರು, ಎರಡನ್ನೂ ಮಾಡಲಿಲ್ಲ. ಅವರ ಭಾವ ಎಲ್ಲಿಂದಲೋ ಹಿತ್ತಾಳೆಯ ಆಮೆ ತಂದುಕೊಟ್ಟರು. ಅದನ್ನು ಉತ್ತರ ದಿಕ್ಕಿಗೆ ಮುಖ ಮಾಡಿ ನೀರಿನ ತಟ್ಟೆಯಲ್ಲಿಟ್ಟರು. ಜೂನ್ ಬಂತು, ಮಳೆ ಬಂತು, ಮಣ್ಣು ಉಬ್ಬಿತು, ಬಿರುಕು ಮುಚ್ಚಿಕೊಂಡಿತು. "ಆಮೆ ಕೆಲಸ ಮಾಡ್ತು ನೋಡಿ" ಅಂತ ಮೇಷ್ಟ್ರು ಫೋನ್ ಮಾಡಿ ಹೇಳಿದರು. ಮುಂದಿನ ಏಪ್ರಿಲ್‌ನಲ್ಲಿ ಬಿರುಕು ಮತ್ತೆ ಬಾಯಿ ಬಿಟ್ಟಿತು. ಆಗ ಅವರು ಫೋನ್ ಮಾಡಿದ್ದು ಆಮೆ ಕೊಟ್ಟ ಭಾವನಿಗಲ್ಲ. "ಏನ್ರೀ, ನೀವು ನೋಡಿ ಹೋದ ಮೇಲೂ ಹಿಂಗಾಯ್ತಲ್ಲ!"

ಪುಕ್ಕಟೆ ಸಲಹೆಯ ಅಸಲಿ ಕಷ್ಟ ಇದೇ. ದುಡ್ಡು ಬರದಿದ್ದರೆ ಹಾಳಾಗಿ ಹೋಗಲಿ. ಸಲಹೆಯನ್ನು ಪಾಲಿಸುವುದಿಲ್ಲ, ಆದರೆ ಕೊಟ್ಟವರು ಯಾರು ಅನ್ನುವುದನ್ನು ಮಾತ್ರ ಮರೆಯುವುದಿಲ್ಲ.

ಈಗ ಹಲ್ಲಿನ ಡಾಕ್ಟರ ವಿಷಯಕ್ಕೆ ಬರುತ್ತೇನೆ. ಡಾಕ್ಟರು ಒಳ್ಳೆಯವರು, ಕೈ ಹಗುರ. ನನ್ನ ದವಡೆ ಹಲ್ಲಿಗೆ ರೂಟ್ ಕೆನಾಲ್ ಆಗಬೇಕಿತ್ತು. ಕುರ್ಚಿ ಹಿಂದಕ್ಕೆ ಬಾಗಿತು. ಇಂಜೆಕ್ಷನ್ ಆಯಿತು, ತುಟಿ ನನ್ನದಲ್ಲ ಅನ್ನುವ ಹಾಗಾಯಿತು. ಬಾಯಿಗೆ ಹತ್ತಿ ತುರುಕಿ, ಎಂಜಲು ಎಳೆಯುವ ಪೈಪು ಸಿಕ್ಕಿಸಿ, ಡ್ರಿಲ್ ಶುರು ಮಾಡಿದರು. ಎರಡು ನಿಮಿಷ ಕೊರೆದು ನಿಲ್ಲಿಸಿ, "ಸರ್, ನೀವು ಮನೆ ಕಟ್ಟೋ ಇಂಜಿನಿಯರ್ ಅಲ್ವಾ?" ಅಂದರು.

"ಆಂ."

"ನಮ್ಮನೆ ಟೆರೇಸ್ ಸೋರ್ತಾ ಇದೆ. ಮೇಲೆ ವಾಟರ್‌ಪ್ರೂಫ್ ಪೇಂಟ್ ಹೊಡೆಸಿದ್ರೆ ಸಾಕು ಅಂತಾರೆ. ಸಾಕಾ?"

"ಆಂ ಆಂ!" ಅಂದೆ. ಸಾಕಾಗಲ್ಲ ಅಂತ ಅರ್ಥ.

"ಸಾಕಲ್ವಾ? ನಂಗೂ ಹಂಗೇ ಅನ್ನಿಸ್ತು. ಮತ್ತೆ ಆ ಮೇಸ್ತ್ರಿ ಮೇಲ್ಗಡೆ ಎಲ್ಲಾ ಕಿತ್ತು ಹೊಸದಾಗಿ ಇಳಿಜಾರು ಕೊಡಬೇಕು ಅಂತಾನೆ. ದುಡ್ಡು ಮಾಡೋ ಐಡಿಯಾ ಅದು, ಅಲ್ವಾ?"

"ಆಆಆ ಆಂ!" ಮೇಸ್ತ್ರಿ ಹೇಳಿದ್ದೇ ಸರಿ ಅಂತ ನಾನು ಕೈಯನ್ನೂ ಓರೆ ಮಾಡಿ ಇಳಿಜಾರು ತೋರಿಸಿದೆ.

"ಕೈ ಅಲ್ಲಾಡಿಸಬೇಡಿ ಸರ್. ನೋವಾಗ್ತಿದೆಯಾ? ಇನ್ನೊಂಚೂರು ಇಂಜೆಕ್ಷನ್ ಕೊಡ್ತೀನಿ."

ಕೊನೆಗೆ ಬಾಯಿ ಮುಕ್ಕಳಿಸಿ ಎದ್ದು ಕೂತು, "ಡಾಕ್ಟ್ರೇ, ಷ್ಲೋಪ್... ಷ್ಲೋಪ್ ಬೇಕು" ಅಂದೆ. ತುಟಿ ಒಂದು ಕಡೆ ಜೋತಿತ್ತು. "ಅರ್ಧ ಗಂಟೆ ಮಾತಾಡಬೇಡಿ, ನಾಲಿಗೆ ಕಚ್ಕೊಂಡುಬಿಡ್ತೀರಿ" ಅಂತ ಪ್ರೀತಿಯಿಂದ ಬೆನ್ನು ತಟ್ಟಿ ಕಳಿಸಿದರು. ಹೊರಗೆ ಕೌಂಟರಿನ ಹುಡುಗಿ ಬಿಲ್ ಕೊಟ್ಟಳು. "ಡಾಕ್ಟ್ರು ನಿಮ್ಮದು ಎಕ್ಸ್‌ರೇ ಚಾರ್ಜ್ ಬಿಡೋಕೆ ಹೇಳಿದಾರೆ ಸರ್" ಅಂದಳು. ನಾನು ಇಷ್ಟು ವರ್ಷ ಬಾಯಿ ತುಂಬ ಹೇಳಿದ ಸಲಹೆಗಳಿಗೆ ಟೀ ಬಿಟ್ಟು ಬೇರೇನೂ ಸಿಕ್ಕಿರಲಿಲ್ಲ. ಬರೀ ಆಂ ಅಂದಿದ್ದಕ್ಕೆ ಎಕ್ಸ್‌ರೇ ಸಿಕ್ಕಿತು.

ಮಳೆಗಾಲದಲ್ಲಿ ಡಾಕ್ಟರ ಫೋನ್ ಬಂತು. "ಸರ್, ನೀವು ಹೇಳಿದ ಹಾಗೇ ಪೇಂಟ್ ಹೊಡೆಸಿದೆ. ಬೆಡ್‌ರೂಮಿನಲ್ಲಿ ಬಕೆಟ್ ಇಟ್ಟಿದೀವಿ."

ಹೋಗಿ ನೋಡಿದೆ. ಟೆರೇಸಿನ ನಡುವೆ ಪುಟ್ಟ ಕೆರೆ. ನೀರು ಹೋಗುವ ಪೈಪಿನ ಬಾಯಿ ಕೆರೆಗಿಂತ ಎತ್ತರದಲ್ಲಿ ಒಣಗಿಕೊಂಡು ಕೂತಿತ್ತು. ಬಿಳಿ ಪೇಂಟು ಅಲ್ಲಲ್ಲಿ ಗುಳ್ಳೆ ಎದ್ದಿತ್ತು, ಒಂದನ್ನು ಕಾಲಿನಿಂದ ಒತ್ತಿದರೆ ಪಿಚಕ್ ಅಂತ ನೀರು ಹಾರಿತು. ಇದರಲ್ಲಿ ಮಹಾ ವಿಜ್ಞಾನ ಏನಿಲ್ಲ. ಚಪ್ಪಟೆ ಟೆರೇಸಿಗೂ ನೂರಕ್ಕೆ ಒಂದರಷ್ಟು ಇಳಿಜಾರು ಬೇಕು, ಅಂದರೆ ಹತ್ತು ಅಡಿ ಉದ್ದಕ್ಕೆ ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ ಇಳಿಯಬೇಕು. ನಿಂತ ನೀರಿಗೆ ಕೆಲಸ ಇರುವುದಿಲ್ಲ, ದಾರಿ ಹುಡುಕುತ್ತಲೇ ಇರುತ್ತದೆ. ಅದರ ಮೇಲೆ ಎಷ್ಟು ಡಬ್ಬ ಪೇಂಟ್ ಸುರಿದರೂ ಇವತ್ತಲ್ಲ ನಾಳೆ ದಾರಿ ಸಿಗುತ್ತದೆ.

ಈ ಸಲ ನನ್ನ ಬಾಯಲ್ಲಿ ಹತ್ತಿ ಇರಲಿಲ್ಲವಾದ್ದರಿಂದ, ಸೈಟ್ ವಿಸಿಟ್ ಫೀಸು ಇಷ್ಟು, ರಿಪೋರ್ಟ್ ಬರೆದುಕೊಟ್ಟರೆ ಇಷ್ಟು ಅಂದೆ.

"ಅಯ್ಯೋ ಸರ್, ನಾವಿಬ್ರೂ ಪ್ರೊಫೆಷನಲ್ಸ್ ಅಲ್ವಾ?" ಅಂದರು ಡಾಕ್ಟರು.

ಎಂಬಿಬಿಎಸ್ ಡಾಕ್ಟರುಗಳಿಗೆ ಹೀಗೊಂದು ಸೌಕರ್ಯ ಇದೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಲ್ಲೇ ಬರೆದಿದ್ದಾರೆ: ಒಬ್ಬ ವೈದ್ಯ ಇನ್ನೊಬ್ಬ ವೈದ್ಯನಿಗೆ, ಅವನ ಮನೆಯವರಿಗೆ ಪುಕ್ಕಟೆ ಚಿಕಿತ್ಸೆ ಕೊಡುವುದನ್ನು ಸಂತೋಷ ಅಂತ ಭಾವಿಸಬೇಕು. ಹಲ್ಲಿಗೂ ಸ್ಲ್ಯಾಬಿಗೂ ನಡುವೆ ಅಂಥ ಒಪ್ಪಂದ ಯಾರೂ ಬರೆದಿಲ್ಲ. ಅದನ್ನೇ ನಗುತ್ತಾ ಹೇಳಿದೆ. ಅವರೂ ನಗುತ್ತಲೇ ಫೀಸು ಕೊಟ್ಟರು.

ಕೊಟ್ಟ ಮೇಲೆ ಆ ಮನುಷ್ಯ ಬದಲಾದದ್ದು ನೋಡಬೇಕಿತ್ತು! ಹಳೆಯ ಪದರ ಕಿತ್ತು ಇಳಿಜಾರು ಹಾಕಿಸಿದರು. ದಿನಾ ಸಂಜೆ ಕ್ಲಿನಿಕ್ ಮುಗಿಸಿ ಬಂದು ಮೇಸ್ತ್ರಿಯ ಪಕ್ಕ ಕೂತು ಲೆವೆಲ್ ಟ್ಯೂಬ್ ಹಿಡಿದರು. ಪೈಪಿನ ಬಾಯಿಗೆ ಬಟ್ಟೆ ತುರುಕಿ ಇಪ್ಪತ್ನಾಲ್ಕು ಗಂಟೆ ನೀರು ನಿಲ್ಲಿಸಿ ಪರೀಕ್ಷೆ ಮಾಡಿ ಅಂದಿದ್ದೆ. ನಲವತ್ತೆಂಟು ಗಂಟೆ ನಿಲ್ಲಿಸಿದರು. ರಾತ್ರಿ ಟಾರ್ಚ್ ಹಿಡಿದು ಬೆಡ್‌ರೂಮಿನ ಸೀಲಿಂಗ್ ಫೋಟೋ ತೆಗೆದು ಕಳಿಸಿದರು. ಮಗುವಿಗೆ ಜ್ವರ ಬಂದವರು ಡಾಕ್ಟರಿಗೆ ಕಳಿಸುವ ಮೆಸೇಜುಗಳ ಹಾಗಿದ್ದವು ಅವು. ಮೇಸ್ತ್ರಿ ಇದೇ ಮಾತನ್ನು ಮೊದಲೇ ಹೇಳಿದ್ದ, ಪಾಪ. ಅವನು ಬಾಯಿಮಾತಿಗೆ ಫೀಸು ಇಟ್ಟಿರಲಿಲ್ಲ ಅಷ್ಟೆ.

ಈ ಕಥೆಯನ್ನು ನನ್ನ ವಕೀಲ ಗೆಳೆಯನಿಗೆ ಬೆಣ್ಣೆದೋಸೆ ತಿನ್ನುತ್ತಾ ಹೇಳಿದೆ. ಅವನಿಗೆ ನಗುವಿಗಿಂತ ಕಾನೂನು ಮೊದಲು ಬರುತ್ತದೆ.

"2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಪುಕ್ಕಟೆ ಕೊಟ್ಟ ಸೇವೆ ಸೇವೆಯೇ ಅಲ್ಲ ಕಣೋ. ನೀನು ಫ್ರೀಯಾಗಿ ಏನು ಹೇಳಿದ್ರೂ ಗ್ರಾಹಕರ ಕೋರ್ಟಿಗೆ ಎಳೆಯೋಕಾಗಲ್ಲ. ಫೀಸು ತಗೊಂಡ್ಯೋ, ಸಿಕ್ಕಿಬಿದ್ದೆ" ಅಂದ.

ಹಾಗಾದರೆ ಪುಕ್ಕಟೆಯೇ ಕ್ಷೇಮ ಅಂದುಕೊಂಡೆ. ಅಷ್ಟರಲ್ಲಿ ಅವನ ಕಣ್ಣು ಅರಳಿತು. "ತಡಿ, ಆ ಡಾಕ್ಟ್ರು ಎಕ್ಸ್‌ರೇ ಚಾರ್ಜ್ ಬಿಟ್ಟಿದ್ರು ಅಲ್ವಾ? ಅದು ಪ್ರತಿಫಲ! ನಿನ್ನ ಆಂ ಅನ್ನೋದು ಫೀಸು ತಗೊಂಡು ಕೊಟ್ಟ ಸಲಹೆ ಅಂತ ನಾನು ವಾದ ಮಾಡಬಲ್ಲೆ."

"ಯಾರ ಕಡೆಯಿಂದ?"

"ಯಾರು ಮೊದಲು ಬಂದರೆ ಅವರ ಕಡೆಯಿಂದ."

ಡಾಕ್ಟರುಗಳು 1995ರಲ್ಲೇ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಗ್ರಾಹಕ ಕಾಯ್ದೆಯ ಒಳಗೆ ಬಂದರಂತೆ. ವಕೀಲರು ಮಾತ್ರ ಆ ಕಾಯ್ದೆಗೆ ಒಳಪಡುವುದಿಲ್ಲ ಅಂತ 2024ರ ಮೇ ತಿಂಗಳಲ್ಲಿ ಅದೇ ಕೋರ್ಟು ಹೇಳಿತು. ಇದನ್ನು ಹೇಳುವಾಗ ಅವನು ಇನ್ನೊಂದು ಮುದ್ದೆ ಬೆಣ್ಣೆ ಹಾಕಿಸಿಕೊಂಡ. ನಾನು ಬಿಡಲಿಲ್ಲ. ನನ್ನಿಂದ ಉಪಯೋಗ ಪಡೆದು ದುಡ್ಡು ಕೊಡದವರ ಮೇಲೆ ನನಗೆ ಏನೂ ದಾರಿ ಇಲ್ಲವಾ ಅಂತ ಕೇಳಿದೆ. ಉಂಟಂತೆ. 1872ರ ಕರಾರು ಕಾಯ್ದೆಯ 70ನೇ ಕಲಂ. ಪುಕ್ಕಟೆ ಅನ್ನುವ ಉದ್ದೇಶ ಇಲ್ಲದೆ ನ್ಯಾಯವಾಗಿ ಒಬ್ಬರಿಗೆ ಕೆಲಸ ಮಾಡಿಕೊಟ್ಟು, ಅವರು ಅದರ ಲಾಭ ಪಡೆದರೆ, ಅದಕ್ಕೆ ತಕ್ಕದ್ದನ್ನು ಕೊಡಲೇಬೇಕು.

"ಹಾಗಾದ್ರೆ ಎಲ್ಲರಿಗೂ ನೋಟಿಸ್ ಕಳಿಸೋಣ" ಅಂದೆ.

"ಕಳಿಸೋಣ. ಒಂದೊಂದು ನೋಟಿಸಿಗೆ ನನ್ನ ಫೀಸು ಬೇರೆ." ಅಲ್ಲಿಗೆ ಆ ವಿಷಯ ಮುಗಿಯಿತು. ಕೈ ತೊಳೆದು ಬಂದವನು, "ಅಂದಹಾಗೆ ನಮ್ಮ ಕಾಂಪೌಂಡ್ ಗೋಡೆ ಸ್ವಲ್ಪ ವಾಲಿದೆ..." ಅಂದ. ದೋಸೆಯ ಬಿಲ್ಲು ಅವನ ಕಡೆ ತಳ್ಳಿದೆ.

ಒಂದು ವಿಷಯಕ್ಕೆ ನನಗೆ ವಕೀಲರನ್ನು ಕಂಡರೆ ಹೊಟ್ಟೆಕಿಚ್ಚು. ಅವರಿಗೆ 1961ರ ಕಾಯ್ದೆ ಇದೆ. ಲೆಕ್ಕಪರಿಶೋಧಕರಿಗೆ 1949ರ ಕಾಯ್ದೆ, ಆರ್ಕಿಟೆಕ್ಟರಿಗೆ 1972ರ ಕಾಯ್ದೆ. ಇಂಥಿಂಥವರೇ ಈ ಹೆಸರು ಹಾಕಿಕೊಳ್ಳಬೇಕು ಅಂತ ಇಡೀ ದೇಶಕ್ಕೆ ನಿಯಮ ಇದೆ. ಇಂಜಿನಿಯರಿಗೆ ಅಂಥದ್ದೊಂದು ಕಾಯ್ದೆ ಇಲ್ಲ, ನಗರಪಾಲಿಕೆಯ ಲೈಸೆನ್ಸ್ ಇದೆ. ಮತ್ತೆ ಸೆಪ್ಟೆಂಬರ್ 15 ಇದೆ.

ಅವತ್ತು ವಿಶ್ವೇಶ್ವರಯ್ಯನವರ ಹುಟ್ಟಿದ ದಿನ, ಇಂಜಿನಿಯರುಗಳ ದಿನ. ನಮ್ಮ ಸೋದರಮಾವ ಪ್ರತಿ ವರ್ಷ ಬೆಳಿಗ್ಗೆಯೇ ಫೋನ್ ಮಾಡುತ್ತಾರೆ. "ನೋಡಪ್ಪಾ, ಆ ಪುಣ್ಯಾತ್ಮರು ಆಟೋಮ್ಯಾಟಿಕ್ ಗೇಟು ಕಂಡುಹಿಡಿದರು. ಪೇಟೆಂಟ್ ಇತ್ತು, ರಾಯಲ್ಟಿ ಬೇಡ ಅಂದರು. ನೀನು ಒಂದು ಮೆಟ್ಟಿಲು ಎಲ್ಲಿ ಹಾಕಬೇಕು ಅಂತ ಹೇಳೋಕೆ ಸಾವಿರ ರೂಪಾಯಿ ಕೇಳ್ತೀಯಂತೆ." ಕೇಳಿದ್ದು ಮಾವನನ್ನೇ ಅಲ್ಲ, ಮಾವ ಕಳಿಸಿದವರನ್ನು. ಗೇಟಿನ ವಿಷಯ ನಿಜ. 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ ಅಳವಡಿಸಿದ ಗೇಟುಗಳವು. ನೀರು ಒಂದು ಮಟ್ಟ ದಾಟಿದರೆ ತಾವೇ ತೆರೆದುಕೊಳ್ಳುತ್ತಿದ್ದವು. ಆದರೆ ಆಗ ಅವರು ಮುಂಬಯಿ ಸರ್ಕಾರದ ಸಂಬಳದ ಮೇಲಿದ್ದರು. ಆ ನೌಕರಿ ಬಿಟ್ಟ ಮೇಲೆ, 1908ರಲ್ಲಿ ಮೂಸಿ ನದಿ ಹೈದರಾಬಾದನ್ನು ಮುಳುಗಿಸಿದಾಗ, ನಿಜಾಮರ ಸರ್ಕಾರ ಅವರನ್ನು ಕರೆದದ್ದು ಕನ್ಸಲ್ಟಿಂಗ್ ಇಂಜಿನಿಯರ್ ಅಂತ. ಹೋಗಿ ಸುಮ್ನೆ ಒಂದ್ಸಲ ನೋಡಿಬಿಟ್ಟು ಬಂದರು ಅಂತ ನಾನು ಎಲ್ಲೂ ಓದಿಲ್ಲ. ಇದನ್ನು ಮಾವನಿಗೆ ಹೇಳಿದರೆ, "ನೀನು ವಿಶ್ವೇಶ್ವರಯ್ಯ ಏನಪ್ಪಾ?" ಅನ್ನುತ್ತಾರೆ. ಪುಕ್ಕಟೆ ಕೆಲಸಕ್ಕೆ ನಾನು ವಿಶ್ವೇಶ್ವರಯ್ಯ ಆಗಬೇಕು, ಫೀಸು ಅಂದ ಕೂಡಲೇ ಮಾವನ ಅಳಿಯ ಆಗಬೇಕು.

ಈ ಎಲ್ಲ ಆದ ಮೇಲೆ ಆಫೀಸಿನಲ್ಲಿ ಒಂದು ಬೋರ್ಡ್ ಹಾಕಿಸಿದೆ. ಸಲಹೆಗೆ ಇಷ್ಟು, ಸ್ಥಳಕ್ಕೆ ಬಂದರೆ ಇಷ್ಟು, ಡ್ರಾಯಿಂಗಿಗೆ ಚದರ ಅಡಿಗೆ ಇಷ್ಟು. ಮೊದಲ ದಿನ ಬಂದವರು ಬೋರ್ಡನ್ನು ಪೂರ್ತಿ ಓದಿ, "ಚೆನ್ನಾಗಿದೆ ಸರ್. ಅಕ್ರಿಲಿಕ್ಕಾ? ಎಲ್ಲಿ ಮಾಡಿಸಿದ್ರಿ? ಎಷ್ಟಾಯ್ತು?" ಅಂತ ವಿಚಾರಿಸಿದರು. ನಾನು ಅಂಗಡಿ, ರೇಟು ಎಲ್ಲಾ ಹೇಳಿ ಕಳಿಸಿದ ಮೇಲೆ ಹೆಂಡತಿ, "ಈ ಸಲಹೆಗೆ ಎಷ್ಟು ತಗೊಂಡ್ರಿ?" ಅಂದಳು.

ಬೋರ್ಡಿನಿಂದ ಬಂದ ಹಣಕ್ಕಿಂತ ಹೆಚ್ಚಾಗಿ ನಾನು ಕಂಡದ್ದು ಜನ ಯಾವುದಕ್ಕೆ ದುಡ್ಡು ಕೊಡುತ್ತಾರೆ ಅನ್ನುವುದನ್ನು. 30x40 ಸೈಟಿನಲ್ಲಿ ಮನೆ ಕಟ್ಟಿಸುವವರು ಡ್ರಾಯಿಂಗ್ ಫೀಸಿನಲ್ಲಿ ಐನೂರು ರೂಪಾಯಿಗೆ ಚೌಕಾಸಿ ಮಾಡುತ್ತಾರೆ. ಸ್ಲ್ಯಾಬ್ ಹಾಕಿದ ನಾಲ್ಕನೇ ದಿನವೇ ಸೆಂಟ್ರಿಂಗ್, ಅಂದರೆ ಕಾಂಕ್ರೀಟನ್ನು ಹೊತ್ತು ನಿಲ್ಲುವ ಶೀಟು ಕಂಬಗಳನ್ನು, ಬಿಚ್ಚಿಸಲಾ ಅಂತ ಕೇಳುತ್ತಾರೆ, ಶೀಟಿಗೆ ದಿನದ ಬಾಡಿಗೆ ಓಡುತ್ತಿರುತ್ತದಲ್ಲ. ಕಾಂಕ್ರೀಟ್ ಕೆಲಸದ ನಿಯಮಪುಸ್ತಕದ, ಅಂದರೆ ಕೋಡಿನ, ಪ್ರಕಾರ ಆಧಾರದಿಂದ ಆಧಾರಕ್ಕೆ ನಾಲ್ಕೂವರೆ ಮೀಟರ್ ಒಳಗಿನ ಸ್ಲ್ಯಾಬಿನ ಕೆಳಗೆ ಆಧಾರದ ಕಂಬಗಳು ಕನಿಷ್ಠ ಏಳು ದಿನ ಇರಬೇಕು, ಅದಕ್ಕಿಂತ ದೊಡ್ಡದಾದರೆ ಹದಿನಾಲ್ಕು ದಿನ. ಹೇಳಿದರೆ, "ಪಕ್ಕದ ಮನೆಯವರು ಐದಕ್ಕೇ ಬಿಚ್ಚಿದರು, ಏನೂ ಆಗಿಲ್ಲ" ಅನ್ನುತ್ತಾರೆ. ಅದೇ ಜನ ವಾಸ್ತು ನೋಡುವವರು ಬಂದರೆ ಫಲ ತಾಂಬೂಲದ ತಟ್ಟೆಯಲ್ಲಿ ಐದು ಸಾವಿರದ ಒಂದು ರೂಪಾಯಿ ಇಟ್ಟು ಕಾಲಿಗೆ ಬೀಳುತ್ತಾರೆ. ಆ ಒಂದು ರೂಪಾಯಿಗೂ ಚೌಕಾಸಿ ಇಲ್ಲ.

ಇಂಥದೇ ಒಂದು ಮನೆಯಲ್ಲಿ ಸಂಪಿನ ಜಗಳ ಶುರುವಾಯಿತು. ಮಾಲೀಕರಿಗೆ ಈಶಾನ್ಯ ಮೂಲೆಯಲ್ಲೇ ಸಂಪು ಬೇಕು. ಆ ಮೂಲೆಯಲ್ಲಿ ನನ್ನ ಪಿಲ್ಲರಿನ ಫುಟಿಂಗ್, ಅಂದರೆ ಮಣ್ಣಿನೊಳಗಿನ ಅದರ ಪಾದ, ಕೂತಿತ್ತು. ಫುಟಿಂಗ್ ಮುಗಿದ ಮೇಲೆ ಅದರ ಪಕ್ಕದಲ್ಲೇ ಅದಕ್ಕಿಂತ ಆಳಕ್ಕೆ ಅಗೆದರೆ ಕೆಳಗಿನ ಮಣ್ಣು ಸಡಿಲ ಆಗುತ್ತದೆ. ಮುಂದೆ ಸಂಪು ಸೋರಿದರಂತೂ ಎರೆಮಣ್ಣಿಗೆ ಹಬ್ಬ. ಸಂಪನ್ನು ಸ್ವಲ್ಪ ಉತ್ತರಕ್ಕೆ ಸರಿಸಿ, ಫುಟಿಂಗಿನಿಂದ ದೂರ ಇಡಿ ಅಂತ ಹೇಳಿದೆ, ಬರೆದುಕೊಟ್ಟೆ, ಸ್ಕೆಚ್ ಹಾಕಿ ತೋರಿಸಿದೆ. "ಎಲ್ಲಾ ಸರಿ ಸರ್, ಆದ್ರೆ ವಾಸ್ತು ಅಂತ ಒಂದು ಇದೆಯಲ್ಲ" ಅಂದರು ಮಾಲೀಕರು.

ನಾನು ನೇರವಾಗಿ ವಾಸ್ತು ಶಾಸ್ತ್ರಿಗಳ ಮನೆಗೇ ಹೋದೆ. ಕಾಫಿ ಕೊಟ್ಟರು. ನನ್ನ ಸ್ಕೆಚ್ಚನ್ನು ಗಮನ ಇಟ್ಟು ನೋಡಿದರು, ಎರಡೇ ಪ್ರಶ್ನೆ ಕೇಳಿದರು, ಎರಡೂ ಒಳ್ಳೆಯ ಪ್ರಶ್ನೆಗಳು. ಮಾರನೇ ದಿನ ಸೈಟಿಗೆ ಬಂದು, ದಿಕ್ಸೂಚಿ ಹಿಡಿದು, ಕಣ್ಣು ಮುಚ್ಚಿ, "ಮೂಲೆಯ ಮೇಲೇ ಗುಂಡಿ ಬೇಡ. ಮೂಲೆಗೆ ಭಂಗ ಬಂದರೆ ಯಜಮಾನನಿಗೆ ಆಗಲ್ಲ. ಉತ್ತರಕ್ಕೆ ನಾಲ್ಕು ಅಡಿ ಸರಿಸಿ, ಕುಬೇರನ ದಿಕ್ಕು" ಅಂದರು. ಮಧ್ಯಾಹ್ನದ ಹೊತ್ತಿಗೆ ಹೊಸ ಜಾಗದಲ್ಲಿ ಸುಣ್ಣದ ಗೆರೆ ಬಿದ್ದಿತ್ತು. ನಾನು ಹೇಳಿದ್ದೂ ನಾಲ್ಕೇ ಅಡಿ.

ಅಲ್ಲಿಂದಾಚೆ ನಮ್ಮಿಬ್ಬರ ನಡುವೆ ಒಂದು ತಿಳುವಳಿಕೆ ಬೆಳೆಯಿತು. ಸೆಂಟ್ರಿಂಗ್ ಬೇಗ ಬಿಚ್ಚಬೇಕು ಅನ್ನುವವರಿಗೆ ಅವರು, "ಹದಿನಾಲ್ಕು ದಿನ ಬಿಡಿ, ನಡುವೆ ದಿನ ಚೆನ್ನಾಗಿಲ್ಲ" ಅನ್ನುತ್ತಾರೆ. ಕ್ಯೂರಿಂಗ್ ಮಾಡದವರಿಗೆ, "ಬೆಳಿಗ್ಗೆ ಸಂಜೆ ಗೋಡೆಗೆ ನೀರು ಹಾಕಿ, ಗಂಗಮ್ಮ ನೆಲೆಸ್ತಾಳೆ" ಅನ್ನುತ್ತಾರೆ. ನನ್ನ ವೃತ್ತಿಜೀವನದಲ್ಲಿ ಕ್ಯೂರಿಂಗ್ ಇಷ್ಟು ಚೆನ್ನಾಗಿ ನಡೆದಿರಲಿಲ್ಲ. ಇದು ಸರಿಯಾ ಅಂತ ನನ್ನನ್ನು ಕೇಳಬೇಡಿ. ಕಾಂಕ್ರೀಟಿಗೆ ನೀರು ಯಾರ ಹೆಸರಿನಲ್ಲಿ ಬಿತ್ತು ಅನ್ನುವುದು ಗೊತ್ತಾಗುವುದಿಲ್ಲ.

ಮೊನ್ನೆ ಶಾಸ್ತ್ರಿಗಳೇ ಆಫೀಸಿಗೆ ಬಂದರು. ಬೋರ್ಡನ್ನು ಒಂದು ಸಲ ಓದಿ, ಎದುರಿಗೆ ಕೂತರು. ಅವರ ಸ್ವಂತ ಮನೆಯಲ್ಲಿ ಮುಂದಿನ ಗೋಡೆ ಬಿರುಕು ಬಿಟ್ಟಿತ್ತು. ಹೋಗಿ ನೋಡಿದೆ. ಅವರ ತಂದೆ ಕಾಲದಲ್ಲಿ ಈಶಾನ್ಯ ಮೂಲೆಯಲ್ಲಿ ಪಾಯಕ್ಕೆ ತಾಗಿಸಿಯೇ ಮಾಡಿಸಿದ ಸಂಪು. ಹಳೆಯ ಗಾರೆ, ತಳ ಸೋರುತ್ತಿತ್ತು. ಅದನ್ನು ಮುಚ್ಚಿ ಗಟ್ಟಿ ಮಾಡಬೇಕು, ಹೊಸ ಸಂಪಿಗೆ ಜಾಗ ಇರುವುದು ಪಶ್ಚಿಮಕ್ಕೆ ಮಾತ್ರ ಅಂದೆ.

"ಪಶ್ಚಿಮಕ್ಕಾ?" ಅಂದರು. ಸ್ವಲ್ಪ ಹೊತ್ತು ಯೋಚಿಸಿದರು. "ಇರಲಿ. ಪಶ್ಚಿಮ ವರುಣನ ದಿಕ್ಕು. ನೀರಿಗೆ ಅಡ್ಡಿಯಿಲ್ಲ."

ಹೋಗುವಾಗ ಜೇಬಿನಿಂದ ಕವರ್ ತೆಗೆದು ಮೇಜಿನ ಮೇಲಿಟ್ಟರು. ಬೇಡ ಅಂದೆ. ನಮ್ಮಿಬ್ಬರಲ್ಲಿ ಏನಿದೆ ಅಂದೆ. ಅವರು ಕೇಳಲಿಲ್ಲ.

"ತಗೊಳ್ಳಿ ಸ್ವಾಮಿ. ಪುಕ್ಕಟೆ ಆದ್ರೆ ನಾನು ಮನೆಗೆ ಹೋಗೋಷ್ಟರಲ್ಲಿ ಮರೀತೀನಿ. ದುಡ್ಡು ಕೊಟ್ರೆ ನಮ್ಮಾಕೆ ನೆನಪಿಸ್ತಾಳೆ."

ಕವರಿನಲ್ಲಿ ಬೋರ್ಡಿನಲ್ಲಿದ್ದಷ್ಟೇ ಇತ್ತು, ಮೇಲೆ ಒಂದು ರೂಪಾಯಿ. ರಸೀದಿ ಪುಸ್ತಕ ತೆಗೆದೆ.

"ಅಯ್ಯೋ, ರಸೀದಿ ಎಲ್ಲಾ ಯಾಕೆ?" ಅಂತ ಎದ್ದು ನಿಂತರು. "ನಾವು ಯಾರಿಗೂ ಕೊಟ್ಟು ಅಭ್ಯಾಸ ಇಲ್ಲ, ತಗೊಂಡೂ ಅಭ್ಯಾಸ ಇಲ್ಲ."